ಅಟ್ಟೆಯ ಮೇಲಿನ ಅಂಕಿ

ಬೂಟಿನೊಳಗೆ ಕೈ ಇಳಿಸಿದರೆ ಸಿರಿಲ್ ಡ್ರೇಜನ ಮನಸ್ಸು ತಣ್ಣಗಾಗುತ್ತಿದ್ದುದು ವಾಡಿಕೆ. ಈ ಗುರುವಾರ ಹಾಗಾಗಲಿಲ್ಲ. ಹಿತ್ತಲಿನ ಷೆಡ್ಡಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತು, ಎಡಗೈಯನ್ನು ಮಣಿಕಟ್ಟಿನವರೆಗೆ ಬೂಟಿನೊಳಗೆ ತೂರಿಸಿ, ಬೆರಳ ತುದಿಯಿಂದ ಹೊಲಿಗೆ ಎಣಿಸುತ್ತಿದ್ದ. ಐದಕ್ಕೋ ಆರಕ್ಕೋ ಬಂದಾಗ ಎಣಿಕೆ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು. ಕೋಟಿನ ಒಳಜೇಬಿನಲ್ಲಿ ಹನ್ನೊಂದು ದಿನದಿಂದ ಒಂದು ಕಾಗದವಿತ್ತು. ಮುಂದಕ್ಕೆ ಬಾಗಿದಾಗಲೆಲ್ಲ ಅದರ ಮೂಲೆ ಎದೆಗೆ ಚುಚ್ಚುತ್ತಿತ್ತು. ಬೇರೆ ಕೋಟು ಹಾಕಿಕೊಳ್ಳಬಹುದಿತ್ತು, ಕಾಗದವನ್ನು ಡ್ರಾಯರಿನಲ್ಲಿ ಇಡಬಹುದಿತ್ತು. ಇಟ್ಟರೆ ಹೆಂಡತಿ ಮೇವಿಸ್ ಓದಿಬಿಡುತ್ತಾಳೆ ಎನ್ನುವುದು ಅವನು ತನಗೇ ಹೇಳಿಕೊಂಡ ನೆಪ. ಚುಚ್ಚಲಿ ಎಂದೇ ಇಟ್ಟುಕೊಂಡಿದ್ದ.

"ನಲವತ್ತನೇ ಇಸವಿದು ತಾನೆ?" ಎಂದ ಎದುರಿಗೆ ಸ್ಟೂಲಿನ ಮೇಲಿದ್ದ ಕ್ಲೈವ್ ಬೇಯ್ಸ್. ಭಾನುವಾರದ ಸಂತೆಗಳಲ್ಲಿ ಸೈನ್ಯದ ಹಳೇ ಸಾಮಾನು ಮಾರುವ ಮನುಷ್ಯ, ಹೆಲ್ಮೆಟ್ಟು, ಬೆಲ್ಟು, ನೀರಿನ ಡಬ್ಬಿ, ಬೂಟು. "ಹೂಂ ಅಂದ್ಬಿಡಿ ಡ್ರೇಜ್ ಅವ್ರೇ, ನಾನು ಎದ್ದು ಹೋಗ್ತೀನಿ."

"ಅಲ್ಲ. ಐವತ್ತೆರಡು. ಅದಕ್ಕೆ ಮುಂಚೆ ಅಲ್ಲವೇ ಅಲ್ಲ."

"ಇಸವಿ ಅಚ್ಚೇ ಸವೆದುಹೋಗಿದೆಯಲ್ರೀ! ಹೇಗೆ ಹೇಳ್ತೀರಿ?"

"ಸವೆದಿಲ್ಲ, ಯಾರೋ ಸವೆಸಿದಾರೆ. ಉಪ್ಪುಕಾಗದ ಹಾಕಿ ಉಜ್ಜಿದಾರೆ. ಉಜ್ಜಿದ್ದು ನೀನೋ, ನಿನಗೆ ಮಾರಿದವನೋ, ನಾನು ಕೇಳಲ್ಲ. ಪಕ್ಕದ ಸರ್ಕಾರದ ಕಾಗೆಕಾಲಿನ ಗುರುತು ಹಾಗೇ ಉಳಿದು, ಇಸವಿ ಮಾತ್ರ ಸವೆಯೋ ಹಾಗೆ ಯಾವ ಸಿಪಾಯಿ ನಡೀತಾನಪ್ಪ? ಈ ಹಿಮ್ಮಡಿ ಹತ್ರದ ಹೊಲಿಗೆ ನೋಡು. ಇದನ್ನ ಹಾಕೋ ಮಿಷಿನ್ನು ನಮ್ಮ ಕಾರ್ಖಾನೆಗೆ ಬಂದಿದ್ದು ಐವತ್ತೊಂದರ ಚಳಿಗಾಲ. ಲಾರಿಯಿಂದ ಇಳಿಸಿದವರಲ್ಲಿ ನಾನೂ ಒಬ್ಬ. ಹೆಬ್ಬೆರಳು ಜಜ್ಜಿಹೋಗಿತ್ತು."

ಕ್ಲೈವ್ ನಗುತ್ತ ಎದ್ದು ಬೂಟನ್ನು ಚೀಲಕ್ಕೆ ತುರುಕಿದ. "ನಿಮ್ಮ ಬಾಯಲ್ಲಿ ಒಂದು ಸುಳ್ಳು ಹುಟ್ಟಲ್ಲ ನೋಡಿ. ನಮ್ಮಪ್ಪ ಚರ್ಚಿನಲ್ಲಿ ಗಂಟೆ ಹೊಡೀತಿದ್ದ, ಅವನೂ ಇಷ್ಟು ಖಡಕ್ ಇರ್ಲಿಲ್ಲ. ಅದಕ್ಕೇ ಎಲ್ಲಾರೂ ಹೇಳೋದು, ಡ್ರೇಜ್ ಹೇಳಿದ ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಡ್ರೇಜನ ಕೈ ಜೇಬಿಗೆ ಹೋಯಿತು. ಕ್ಲೈವ್ ನೋಡಲಿಲ್ಲ, ನೋಡಿದ್ದರೂ ಮುದುಕ ಕನ್ನಡಕ ಹುಡುಕುತ್ತಿದ್ದಾನೆ ಎಂದುಕೊಳ್ಳುತ್ತಿದ್ದ. ಕಲ್ಲಲ್ಲಿ ಕೆತ್ತಿದ ಹಾಗೆ. ಕೆತ್ತಿಯೇ ಆಗಿತ್ತಲ್ಲ, ಫ್ರಾನ್ಸಿನಲ್ಲಿ, ಬಿಳಿ ಗೋರಿಕಲ್ಲಿನ ಮೇಲೆ, ಒಳ್ಳೆಯ ಅಕ್ಷರಗಳಲ್ಲಿ. ಅಲ್ಲಿಗೆ ಹೋಗಿಬರುವ ಮಿಸ್ ಪ್ಯಾಂಟರ್ ಪ್ರತಿ ವರ್ಷ ಅದರ ಫೋಟೋ ತರುತ್ತಾಳೆ, ಮೇವಿಸ್ ಅದನ್ನು ಬೆಂಕಿಗೂಡಿನ ಮೇಲೆ ನಿಲ್ಲಿಸುತ್ತಾಳೆ, ಮಳೆಗೆ ಹೇಗಿದೆ ಬಿಸಿಲಿಗೆ ಹೇಗಿದೆ ಎಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಇವತ್ತು ಮೂರು ಗಂಟೆಗೆ ಹತ್ತನೆಯ ಫೋಟೋ ಬರುವುದಿತ್ತು.

ಇಂಗ್ಲೆಂಡಿನ ರಷ್ಡನ್ ಬೂಟಿನ ಊರು. ಅಲ್ಲಿ ಹುಟ್ಟಿದವನು ಒಂದೋ ಚರ್ಮ ಕತ್ತರಿಸಬೇಕು, ಇಲ್ಲ ಹೊಲಿಯಬೇಕು, ಇಲ್ಲ ಮೊಳೆ ಹೊಡೆಯಬೇಕು. ಡ್ರೇಜ್ ಹದಿನಾಲ್ಕಕ್ಕೆ ಒಳಗೆ ಹೋದವನು ಐವತ್ತೊಂಬತ್ತಕ್ಕೆ ಹೊರಗೆ ಬಂದ, ಅದೂ ತಾನಾಗಿ ಅಲ್ಲ, ಕಾರ್ಖಾನೆ ಬಾಗಿಲು ಹಾಕಿದ್ದರಿಂದ. ಕೆಲಸ ಕೊಡಿಸುವ ಕಚೇರಿಯಲ್ಲಿ ಉಗುರಿಗೆ ಬಣ್ಣ ಹಚ್ಚಿದ ಹುಡುಗಿ ನಿಮಗೇನು ಬರುತ್ತೆ ಎಂದು ಕೇಳಿದಳು. ಬೂಟು ಎಂದ. ಬೇರೆ ಏನು ಬರುತ್ತೆ ಎಂದಳು. ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹುಡುಗಿ ಪೆನ್ನು ಎತ್ತಿಕೊಂಡು ಕಾದಳು, ಹಿಂದಿನ ಸಾಲಿನವರು ಕಾದರು, ಆಮೇಲೆ ಅವಳು ಆ ಜಾಗದಲ್ಲಿ ಸಣ್ಣದೊಂದು ಗೆರೆ ಎಳೆದಳು. ಆ ಗೆರೆ ಅವನಿಗೆ ವರ್ಷಗಟ್ಟಲೆ ಕಾಣಿಸುತ್ತಿತ್ತು, ಷೇವ್ ಮಾಡಿಕೊಳ್ಳುವಾಗ, ಸಾಲಿನಲ್ಲಿ ಬ್ರೆಡ್ಡಿಗೆ ನಿಂತಾಗ. ಹಾಗಿರುವಾಗ ಎಂಬತ್ತೇಳರ ಫೆಬ್ರವರಿಯಲ್ಲಿ ಊರಿನ ಮ್ಯೂಸಿಯಂನಿಂದ ಫೋನ್ ಬಂತು. ಸತ್ತ ಸೈನಿಕರ ಲೆಕ್ಕ ಇಡುವ ಲಂಡನ್ನಿನ ಕಚೇರಿಯವರು ಒಂದು ಬೂಟು ಕಳಿಸಿದ್ದಾರೆ, ಓದುವವರು ಬೇಕು. ಓದುವವರು ಎಂದೇ ಹೇಳಿದರು. ಡ್ರೇಜ್ ಅವತ್ತು ಮದುವೆಯ ಕೋಟು ಹಾಕಿಕೊಂಡು ಹೋದ, ಮೇವಿಸ್ ನಕ್ಕಳು.

ಉತ್ತರ ಫ್ರಾನ್ಸಿನ ಹೊಲವೊಂದರಲ್ಲಿ ರೈತ ನೀರಿನ ಕಾಲುವೆ ತೋಡುವಾಗ ಮೂಳೆಗಳು ಸಿಕ್ಕಿದ್ದವು. ನಲವತ್ತರ ಮೇ ತಿಂಗಳಲ್ಲಿ ಸೈನ್ಯ ಸಮುದ್ರದ ಕಡೆಗೆ ಹಿಂದೆ ಸರಿಯುತ್ತಿದ್ದಾಗ ಬಿದ್ದವನು. ಹೆಸರು, ನಂಬರು ಇರುವ ಕತ್ತಿನ ಬಿಲ್ಲೆ ನಾರಿನದು, ಮಣ್ಣಿನಲ್ಲಿ ಕರಗಿಹೋಗಿತ್ತು. ಟೋಪಿಯ ಲಾಂಛನದಿಂದ ಯಾವ ಪಲ್ಟನ್ ಎಂದು ಗೊತ್ತಾಗಿತ್ತು, ನಮ್ಮ ಜಿಲ್ಲೆಯದೇ. ಯಾರು ಎಂದು ಹೇಳಬಲ್ಲದ್ದು ಬಲಗಾಲಿನ ಬೂಟು ಒಂದೇ. ಚರ್ಮ ಗಟ್ಟಿ, ಅದು ಮನುಷ್ಯನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಡ್ರೇಜ್ ಒದ್ದೆ ಬಟ್ಟೆ ಬಿಚ್ಚಿ ಅದನ್ನು ನೋಡಿದ: ಮುಂದೆ ತುದಿಗೆ ಕಬ್ಬಿಣದ ತಟ್ಟೆ, ಹಿಮ್ಮಡಿಗೆ ಲಾಳ, ನಡುವೆ ತುಕ್ಕು ಹಿಡಿದ ಮೊಳೆಗಳು, ಒಳಗೆ ಕಾಗೆಕಾಲು, ಅಳತೆ ಎಂಟು, ಇಸವಿ ಮೂವತ್ತೊಂಬತ್ತು. ಹಳೆಯ ಗೆಳೆಯನನ್ನು ಬಸ್ಸಿನಲ್ಲಿ ಕಂಡಂತಾಯಿತು. ನಾಚಿಕೆ ಬಿಟ್ಟು ಹೇಳುವುದಾದರೆ, ಸತ್ತವನ ನೆನಪೇ ಆಗಲಿಲ್ಲ; ಸಂತೋಷವಾಯಿತು.

ಸೈನ್ಯದಲ್ಲಿ ಪ್ರತಿಯೊಬ್ಬ ತನ್ನ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಬೂಟಿಗೆ ಒತ್ತಿಕೊಳ್ಳಬೇಕಿತ್ತು, ಒಳಗೆ ಕಣಕಾಲಿನ ಹತ್ತಿರ ಒಂದು ಕಡೆ, ಕೆಳಗೆ ಅಟ್ಟೆಯ ನಡುವೆ ಇನ್ನೊಂದು ಕಡೆ. ಆದರೆ ಬೂಟು ಸವೆದಾಗ ಅದು ರಿಪೇರಿಯವನ ಬಳಿ ಹೋಗುತ್ತದೆ. ಹೊಸ ಅಟ್ಟೆ ಹೊಲಿಸಿಕೊಂಡು ಬಂದಮೇಲೆ ರಾಶಿಗೆ ಬೀಳುತ್ತದೆ, ಯಾರ ಕಾಲಿಗೆ ಆಗುತ್ತದೋ ಅವನದು. ಹೊಸಬ ಹೊಸ ಅಟ್ಟೆಗೆ ತನ್ನ ಅಂಕಿ ಒತ್ತುತ್ತಾನೆ. ಒಳಗಿರುವ ಹಳಬನ ಅಂಕಿಯನ್ನು ಹೊಡೆದುಹಾಕಬೇಕು, ಸೋಮಾರಿಗಳು ಹೊಡೆಯುವುದಿಲ್ಲ. ಹಾಗಾಗಿ ಒಳಗಿನ ಅಂಕಿ ಮೊದಲು ಹಾಕಿಕೊಂಡವನದು, ಅಟ್ಟೆಯ ಅಂಕಿ ಕೊನೆಗೆ ಹಾಕಿಕೊಂಡವನದು. ಬೂಟು ಓದುವವನಿಗೆ ಇದು ಅ ಆ ಇ ಈ. ಡ್ರೇಜ್ ಇದನ್ನು ಕ್ಲೈವ್‌ನಂಥವರಿಗೆ ನೂರು ಸಲ ಹೇಳಿಕೊಟ್ಟಿದ್ದಾನೆ, ಬೆರಳೆತ್ತಿ, ಮೇಷ್ಟರ ಹಾಗೆ.

ಆ ದಿನ ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಮಿಸ್ ವಿನಿಫ್ರೆಡ್ ಪ್ಯಾಂಟರ್ ಕೂತಿದ್ದಳು. ಆ ಪಲ್ಟನ್ನಿನಲ್ಲಿ ಕಾಣೆಯಾದ ನಮ್ಮ ಊರಿನವನು ಒಬ್ಬನೇ, ಅವಳ ತಮ್ಮ ಎರಿಕ್. ಸುದ್ದಿ ಹೇಗೋ ಕಿವಿಗೆ ಬಿದ್ದು ಬಂದಿದ್ದಳು, ಬರಬಾರದಿತ್ತು, ಯಾರೂ ಎಬ್ಬಿಸಿ ಕಳಿಸಲಿಲ್ಲ. ಕಾರ್ಖಾನೆಯಲ್ಲಿ ಮೇಲ್ಚರ್ಮ ಹೊಲಿಯುವ ಹೆಂಗಸರ ವಿಭಾಗದಲ್ಲಿ ನಲವತ್ತು ವರ್ಷ ಇದ್ದವಳು. ಡ್ರೇಜನಿಗಿಂತ ಐದು ವರ್ಷ ದೊಡ್ಡವಳು, ಅವನನ್ನು ಯಾವತ್ತೂ ಮಾತಾಡಿಸಿದವಳಲ್ಲ. ಮಡಿಲಲ್ಲಿ ಎರಿಕ್ ಬರೆದ ಕಾಗದಗಳ ಕಟ್ಟು, ಮೇಲಿನ ಲಕೋಟೆಯ ಮೇಲೆ ಅವನ ನಂಬರು. ಡ್ರೇಜ್ ಕಣಕಾಲಿನ ಹತ್ತಿರ ಎಣ್ಣೆ ಹಚ್ಚಿದ, ಕಾದ, ದೀಪ ಓರೆಯಾಗಿ ಹಿಡಿದ. ನಾಲ್ಕು, ನಾಲ್ಕು, ಒಂದು, ಏಳು. ಗಟ್ಟಿಯಾಗಿ ಓದಿದ. ಅವಳು ಅಳಲಿಲ್ಲ. ಎದ್ದು ಬಂದು ಕೈಗವಸು ತೆಗೆದು ಬೂಟಿನೊಳಗೆ ಕೈ ಇಳಿಸಿದಳು, ಹಾಗೇ ಇಟ್ಟುಕೊಂಡಳು. ನಲವತ್ತೇಳು ವರ್ಷ ಎಂದಳು. ಆಮೇಲೆ ಅವನ ಮುಖ ನೋಡಿದಳು. ಅಷ್ಟು ಹೊತ್ತು, ಅಷ್ಟು ತುಂಬಿಕೊಂಡು, ಯಾರೂ ಅವನ ಮುಖ ನೋಡಿರಲಿಲ್ಲ, ಮೇವಿಸ್ ಕೂಡ ನೋಡಿರಲಿಲ್ಲ.

ಅವಳ ಕೈ ಒಳಗಿದ್ದಾಗಲೇ, ಅಭ್ಯಾಸಬಲದಿಂದ, ಅವನ ಕೈ ಹೊರಗೆ ಬ್ರಷ್ಷು ಆಡಿಸುತ್ತಿತ್ತು. ಅಟ್ಟೆಯ ನಡುವೆ ಗಟ್ಟಿಯಾಗಿ ಕೂತ ಜೇಡಿಮಣ್ಣು. ಅಂಚಿನ ಪಟ್ಟಿಯಲ್ಲಿ ಹೊಲಿಗೆಯ ತೂತು ಒಂದು ಸಾಲಲ್ಲ, ಎರಡು ಸಾಲು, ಅಟ್ಟೆ ಬದಲಾಗಿದೆ. ಅದನ್ನು ಕಣ್ಣಿಗಿಂತ ಮೊದಲು ಅವನ ಹೆಬ್ಬೆರಳು ನೋಡಿತು, ಅದೇ ಕೆಲಸದಲ್ಲಿ ಸವೆದ ಹೆಬ್ಬೆರಳು. ಅಟ್ಟೆ ಬದಲಾದ ಮಾತ್ರಕ್ಕೆ ಯಜಮಾನ ಬದಲಾಗಬೇಕೆಂದಿಲ್ಲ ಎಂದು ಅವನು ತನಗೆ ಹೇಳಿಕೊಂಡ, ಅದೂ ನಿಜವೇ. ಬ್ರಷ್ಷು ಇನ್ನೆರಡು ಸಲ ಆಡಿತು. ಮಣ್ಣಿನ ಒಂದು ಚಕ್ಕೆ ಎದ್ದಿತು. ಎಂಟು. ಸೊನ್ನೆ. ಆಮೇಲೆ ಮಣ್ಣು.

ಎರಿಕ್ ಪ್ಯಾಂಟರನ ನಂಬರಿನಲ್ಲಿ ಎಂಟೂ ಇರಲಿಲ್ಲ, ಸೊನ್ನೆಯೂ ಇರಲಿಲ್ಲ. ಡ್ರೇಜ್ ಬ್ರಷ್ಷನ್ನು ಕೆಳಗಿಟ್ಟ. ಬೂಟನ್ನು ಅಟ್ಟೆ ಕೆಳಗಾಗುವಂತೆ ಮೇಜಿನ ಮೇಲೆ ನಿಲ್ಲಿಸಿದ. "ಸಾಕು," ಎಂದ. ಇಡೀ ಬದುಕಿನಲ್ಲಿ ಅವನು ಮಾಡಿದ ಕೆಟ್ಟ ಕೆಲಸಕ್ಕೆ ಹಿಡಿದದ್ದು ಅಷ್ಟೇ ಹೊತ್ತು, ಒಂದು ಬ್ರಷ್ಷು ಕೆಳಗಿಡುವಷ್ಟು. ಮಾರನೆಯ ದಿನ ವರದಿಯಲ್ಲಿ, ಅಟ್ಟೆಯ ಅಚ್ಚು ಓದಲಾಗದ ಸ್ಥಿತಿಯಲ್ಲಿದೆ ಎಂದು ಬರೆದು ಸಹಿ ಹಾಕಿದ. ಲಂಡನ್ನಿನವರು ನಂಬಿದರು. ಬೂಟು ಮೂಳೆಗಳ ಜೊತೆಗೇ ಪೆಟ್ಟಿಗೆಯಲ್ಲಿ ಮಣ್ಣಿಗೆ ಹೋಯಿತು, ಗುಂಡು ಹಾರಿಸಿ ಗೌರವ ಕೊಟ್ಟರು, ಪತ್ರಿಕೆಯಲ್ಲಿ ಅವನ ಪಟ ಬಂತು. ಉಗುರಿಗೆ ಬಣ್ಣ ಹಚ್ಚಿದ ಆ ಹುಡುಗಿ ಅದನ್ನು ನೋಡಿರಲಿ ಎಂದು ಅವನು ಆಸೆಪಟ್ಟ. ಅಂಥ ಆಸೆ ಅವನಿಗಿತ್ತು.

ಕರುಣೆಯಿಂದ ಹಾಗೆ ಮಾಡಿದೆ ಎಂದು ಅವನು ಒಂಬತ್ತು ವರ್ಷ ನಂಬಲು ಪ್ರಯತ್ನಿಸಿದ. ಒಮ್ಮೊಮ್ಮೆ ನಂಬಿಕೆ ಬರುತ್ತಿತ್ತು ಕೂಡ. ಆದರೆ ಎರಿಕ್ ಪ್ಯಾಂಟರ್ ಯುದ್ಧಕ್ಕೆ ಮುಂಚೆ ಅವನ ಪಕ್ಕದ ಬೆಂಚಿನವನು. ಡ್ರೇಜನ ಅಂಗಾಲು ಚಪ್ಪಟೆ. ಸೈನ್ಯದ ಡಾಕ್ಟರು ಅವನನ್ನು ಬರಿಗಾಲಲ್ಲಿ ನಡೆಸಿ, ಒದ್ದೆ ಹೆಜ್ಜೆಗುರುತು ನೋಡಿ, ಮನೆಗೆ ಕಳಿಸಿದ್ದರು. ಮಾರನೆಯ ದಿನ ಎರಿಕ್ ಇಡೀ ಕೋಣೆಯ ಮುಂದೆ ಬಾತುಕೋಳಿಯ ಹಾಗೆ ನಡೆದು ತೋರಿಸಿದ್ದ, ಹೆಂಗಸರ ವಿಭಾಗದ ಬಾಗಿಲವರೆಗೂ, ಅಲ್ಲಿ ಅಕ್ಕ ವಿನಿಫ್ರೆಡ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ದೇಶಕ್ಕೆಲ್ಲ ಬೂಟು ಹೊಲಿದ, ಒಂದು ದಿನವೂ ಸೈನ್ಯದ ಬೂಟು ಹಾಕಿಕೊಳ್ಳದ ಬಾತು. ಆರು ವರ್ಷದ ಯುದ್ಧದುದ್ದಕ್ಕೂ ಊರಿನಲ್ಲಿ ಅವನ ಹೆಸರು ಅದೇ. ಬ್ರಷ್ಷು ಕೆಳಗಿಟ್ಟ ಆ ಗಳಿಗೆಯಲ್ಲಿ ಹೊಟ್ಟೆಯ ಕೆಳಗೆಲ್ಲೋ, ಎಲ್ಲೋ ಬಿದ್ದಿರು ಎರಿಕ್, ನಿನ್ನ ಜಾಗದಲ್ಲಿ ಯಾರನ್ನಾದರೂ ಮಲಗಿಸುತ್ತೇನೆ, ಎಂಬ ಒಂದು ಸಣ್ಣ ನಗು ಇರಲಿಲ್ಲವೆ? ಇತ್ತೋ ಇಲ್ಲವೋ ಅವನಿಗೆ ತಿಳಿಯದು. ಹುಡುಕಿದಷ್ಟೂ ಇತ್ತು ಅನ್ನಿಸುತ್ತದೆ. ಬೂಟಿನ ಒಳಗನ್ನು ಬೆರಳಿನಿಂದ ಓದಬಹುದು. ತನ್ನ ಒಳಗನ್ನು ಹಾಗೆ ಓದಲು ಬರುವುದಿಲ್ಲ.

ಜೇಬಿನ ಕಾಗದ ಕೆಟರಿಂಗಿನಿಂದ ಬಂದದ್ದು, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಬರೆದವಳು ಮಿಸೆಸ್ ಐರಿಸ್ ಗಾರ್ಲಿ. ಸೈನಿಕರ ಬೂಟುಗಳ ವಿಷಯದಲ್ಲಿ ತಮ್ಮನ್ನು ಬಿಟ್ಟರೆ ಇಲ್ಲ ಎಂದು ಯಾರೋ ಹೇಳಿದರು ಎಂದು ಶುರು ಮಾಡಿದ್ದಳು. ತಂದೆ ಸಿಡ್ನಿ ಮಾಬ್ಸ್, ಅದೇ ಪಲ್ಟನ್, ಅದೇ ಮೇ ತಿಂಗಳು, ಅದೇ ಕಡೆ ಕಾಣೆಯಾದವನು. ತಾನು ಹುಟ್ಟಿದ್ದು ಆ ವರ್ಷದ ಆಗಸ್ಟಿನಲ್ಲಿ. ತಾಯಿಗೆ ಈಗ ಎಂಬತ್ತೊಂದು, ವೃದ್ಧರ ಮನೆಯಲ್ಲಿದ್ದಾಳೆ, ಯಾರ ಹೆಸರೂ ನೆನಪಿಲ್ಲ, ಆದರೆ ಸಿಡ್ ಬಂದನೇ ಎಂದು ಕೇಳುತ್ತಾಳೆ. 'ತಾವು ನೋಡಿದ ಯಾವುದಾದರೂ ಬೂಟಿನ ಮೇಲೆ 8062 ಎಂಬ ಅಂಕಿ ಕಂಡದ್ದುಂಟೆ? ಇಲ್ಲ ಎಂದಾದರೂ ಒಂದು ಸಾಲು ಬರೆಯಿರಿ, ಇಲ್ಲ ಎಂಬ ಮಾತು ನಮಗೆ ಹೊಸದಲ್ಲ.' ಡ್ರೇಜ್ ಆ ಕೊನೆಯ ವಾಕ್ಯವನ್ನು ಮೊದಲು ಓದಿ ಹಗುರಾಗಿದ್ದ. ಇಲ್ಲ ಎಂದು ಬರೆಯಲು ಅವಳೇ ಅನುಮತಿ ಕೊಟ್ಟಿದ್ದಾಳಲ್ಲ. ಮೂರು ಸಲ ಪೆನ್ನು ತೆಗೆದುಕೊಂಡ. ಮೂರು ಸಲವೂ ಇ ಎಂದು ಬರೆಯುವ ಮೊದಲೇ ಕೈ ನಿಂತಿತು. ಮಣ್ಣಿನ ಕೆಳಗೆ ಆರು, ಎರಡು ಇದ್ದವು ಎಂಬುದು ಈಗ ಅವನಿಗೆ ಗೊತ್ತು. ನುಂಗಲೂ ಆಗದು, ಉಗುಳಲೂ ಆಗದು.

"ಸಿರಿಲ್! ಮಿಸ್ ಪ್ಯಾಂಟರ್ ಬಂದು ಕೂತಾಯ್ತು. ಆ ಚರ್ಮದ ವಾಸನೆ ತೊಳ್ಕೊಂಡು ಬಾ," ಎಂದು ಮೇವಿಸ್ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು.

ಕೈ ತೊಳೆದ. ಸೋಪು ಎರಡು ಸಲ ಹಚ್ಚಿದ. ಮುಂಕೋಣೆಯಲ್ಲಿ ಮಿಸ್ ಪ್ಯಾಂಟರ್ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಊರುಗೋಲು ಮೊಣಕಾಲಿನ ಮಧ್ಯೆ. ಹೋದ ವರ್ಷ ಒಂದು ಊರುಗೋಲಿತ್ತು, ಈ ವರ್ಷ ಎರಡು. ತಾನು ಮಾಡಿದ ಜೀರಿಗೆ ಕೇಕನ್ನು ತವರದ ಡಬ್ಬಿಯಲ್ಲಿ ತಂದಿದ್ದಳು. ಆ ಕೇಕು ಒಣಗಿ ಗಂಟಲಿಗೆ ಹಿಡಿಯುತ್ತಿತ್ತು, ಆದರೂ ಡ್ರೇಜ್ ಪ್ರತಿ ವರ್ಷ ಎರಡು ತುಂಡು ತಿನ್ನುತ್ತಿದ್ದ. ಅದು ಅವನು ತನಗೆ ವಿಧಿಸಿಕೊಂಡ ಶಿಕ್ಷೆಯಂತೆ ಇತ್ತು, ತೀರಾ ಅಗ್ಗದ ಶಿಕ್ಷೆ.

"ನೋಡು ಸಿರಿಲ್, ಈ ಸಲ ಗುಲಾಬಿ ಎಷ್ಟು ಚೆನ್ನಾಗಿ ಬಂದಿದೆ," ಎಂದು ಅವಳು ಫೋಟೋ ಚಾಚಿದಳು. "ಬುಡದಲ್ಲಿ ಹುಲ್ಲು ಒಂದೇ ಸಮ ಕತ್ತರಿಸಿದಾರೆ. ಫ್ರೆಂಚರು ಸೋಮಾರಿಗಳು ಅಂತಾರೆ, ನಮ್ಮ ಚರ್ಚಿನ ಹಿಂದೆ ಹೋಗಿ ನೋಡ್ಲಿ. ಅಲ್ಲಿ ಕೂತು ಅವನಿಗೆ ಎಲ್ಲಾ ಹೇಳ್ದೆ. ಅಂಚೆ ಕಚೇರಿ ಮುಚ್ಚಿದ್ದು, ಪಕ್ಕದ್ಮನೆ ಡಾಟ್ ಸತ್ತಿದ್ದು, ಬೆಕ್ಕಿನ ಕಣ್ಣು ಹೋಗಿದ್ದು."

"ಬೆಕ್ಕಿನ ವಿಷಯ ಕೇಳಿ ಏನಂದ?" ಎಂದಳು ಮೇವಿಸ್, ಟೀ ಬಗ್ಗಿಸುತ್ತ.

"ಅವನಿಗೆ ಬೆಕ್ಕು ಕಂಡ್ರೆ ಆಗ್ತಿರ್ಲಿಲ್ಲ. ಒಳ್ಳೇದಾಯ್ತು ಅಂದಿರ್ತಾನೆ." ಇಬ್ಬರೂ ನಕ್ಕರು. ಆಮೇಲೆ ಮಿಸ್ ಪ್ಯಾಂಟರ್ ಬಟ್ಟಲನ್ನು ಕೆಳಗಿಟ್ಟಳು. "ಮುಂದಿನ ವರ್ಷ ನನ್ನ ಕೈಲಿ ಆಗಲ್ಲ. ಬಸ್ಸಿನ ಮೆಟ್ಟಿಲು ಹತ್ತಿಸೋಕೆ ಈ ಸಲ ಇಬ್ಬರು ಬೇಕಾಯ್ತು, ಮೂಟೆ ಎತ್ತಿದ ಹಾಗೆ ಎತ್ತಿದ್ರು. ನಾಚಿಕೆ ಆಯ್ತು. ಅದಕ್ಕೇ ಕೇಳೋಕೆ ಬಂದೆ. ನೀವಿಬ್ರೂ ಹೋಗಿ ಬನ್ನಿ. ಅವನಿಗೆ ಬೇರೆ ಯಾರಿದಾರೆ? ಅವನನ್ನ ಹುಡುಕಿ ಕೊಟ್ಟವನು ನೀನು ಸಿರಿಲ್. ನಾನು ಸತ್ತ ಮೇಲೂ ನೀನು ಹೋಗ್ತಾ ಇದ್ರೆ ನನಗೆ ನಿಶ್ಚಿಂತೆ."

"ಅದಕ್ಕೇನಂತೆ, ಹೋಗೋಣ," ಎಂದುಬಿಟ್ಟಳು ಮೇವಿಸ್. "ನಾನಂತೂ ಸಮುದ್ರ ದಾಟೇ ಇಲ್ಲ."

ಡ್ರೇಜ್ ಬಾಯಲ್ಲಿದ್ದ ಕೇಕನ್ನು ಅಗಿಯುತ್ತಲೇ ಇದ್ದ. ತಾನು ಆ ಕಲ್ಲಿನ ಮುಂದೆ ಹೂ ಹಿಡಿದು ನಿಂತದ್ದು ಕಾಣಿಸಿತು. ಕೆಳಗೆ ಸಿಡ್ನಿ ಮಾಬ್ಸ್, ಒಂಬತ್ತು ವರ್ಷದಿಂದ ಯಾರದೋ ಬೆಕ್ಕಿನ ಕಥೆ ಕೇಳಿಕೊಂಡು ಮಲಗಿದ್ದಾನೆ. ಕೆಟರಿಂಗಿನಲ್ಲಿ ಅವನ ಹೆಂಡತಿ ಸಿಡ್ ಬಂದನೇ ಎನ್ನುತ್ತಿದ್ದಾಳೆ. ಹೋಗುವುದಿಲ್ಲ ಎನ್ನಬಹುದಿತ್ತು. ಕಾಲುನೋವು ಎನ್ನಬಹುದಿತ್ತು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಅಟ್ಟೆ ಹೊಲಿಯುವುದು ಅವನಿಗೆ ಗೊತ್ತಿಲ್ಲದ ಕೆಲಸವೇನಲ್ಲ. ಆದರೆ ಅವಳು ಮತ್ತೆ ಹಾಗೆಯೇ ನೋಡುತ್ತಿದ್ದಳು, ಮ್ಯೂಸಿಯಂನ ಕೋಣೆಯಲ್ಲಿ ನೋಡಿದ ಹಾಗೆ, ಮುಖ ತುಂಬ. ಆ ನೋಟಕ್ಕಾಗಿಯೇ ಅಲ್ಲವೆ ಮಾರಿಕೊಂಡದ್ದು. ಈಗ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಮಿಸ್ ಪ್ಯಾಂಟರ್, ಅಲ್ಲಿರೋದು ಎರಿಕ್ ಅಲ್ಲ."

ಮೇವಿಸ್ ಟೀ ಕೆಟಲನ್ನು ಎತ್ತಿ ಹಿಡಿದವಳು ಹಾಗೇ ಇದ್ದಳು. "ಸಿರಿಲ್, ಬಾಯಿ ಮುಚ್ಚು," ಎಂದಳು ಕೊನೆಗೆ. "ತಲೆ ಕೆಟ್ಟಿದೆ ಇವನಿಗೆ. ಒಂದು ವಾರದಿಂದ ನಿದ್ದೆ ಇಲ್ಲ, ಊಟ ಇಲ್ಲ…"

"ಹೇಳಲಿ ಬಿಡು," ಎಂದಳು ಮಿಸ್ ಪ್ಯಾಂಟರ್.

ಅವನು ಹೇಳಿದ. ಹೇಗೆ ಹೇಳಬೇಕೆಂದು ಹನ್ನೊಂದು ದಿನ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಕ್ಲೈವ್‌ಗೆ ಹೇಳುವ ಧಾಟಿಯೇ ಬಂತು, ಅಂಚಿನ ಪಟ್ಟಿಯಲ್ಲಿ ಎರಡು ಸಾಲು ತೂತು, ಹೊಸ ಅಟ್ಟೆ, ಎಂಟು ಮತ್ತು ಸೊನ್ನೆ. ಹೇಳುತ್ತ ಹೇಳುತ್ತ ತನ್ನ ಬೆರಳು ಮೇಷ್ಟರ ಹಾಗೆ ಎದ್ದಿರುವುದನ್ನು ಕಂಡು ಅದನ್ನು ಇಳಿಸಿದ. ಬ್ರಷ್ಷು ಕೆಳಗಿಟ್ಟದ್ದನ್ನೂ ಹೇಳಿದ. ವರದಿಯನ್ನೂ, ಕೆಟರಿಂಗಿನಿಂದ ಬಂದ ಕಾಗದವನ್ನೂ ಹೇಳಿದ. ಬಾತುಕೋಳಿಯ ವಿಷಯ ಮಾತ್ರ ಹೇಳಲಿಲ್ಲ. "ಬೂಟು ಅವನದೇ," ಎಂದ, ಅದೇನೋ ಸಮಾಧಾನ ಎಂಬಂತೆ. "ಬೂಟು ಎರಿಕ್‌ದೇ, ಅದರಲ್ಲಿ ಅನುಮಾನ ಇಲ್ಲ. ಕಾಲು ಅವನದಲ್ಲ."

ಮಿಸ್ ಪ್ಯಾಂಟರ್ ತನ್ನ ಬಲಗೈಯನ್ನು ನೋಡಿಕೊಂಡಳು. ಆ ದಿನ ಬೂಟಿನೊಳಗೆ ಇಳಿಸಿದ ಕೈ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಬೆರಳುಗಳು. ಅದನ್ನು ಇನ್ನೊಂದು ಕೈಯಿಂದ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಆವತ್ತೇ ಗೊತ್ತಿತ್ತು."

"ಹೂಂ."

"ನಾನು ಅಲ್ಲೇ ನಿಂತಿದ್ದೆ."

"ಹೂಂ."

"ಒಂಬತ್ತು ವರ್ಷ ಕೇಕು ತಿಂದ್ರಿ."

ತಿಂದ್ರಿ. ಡ್ರೇಜನಿಗೆ ಅದು ಕೇಳಿಸಿತು. ಇದುವರೆಗೆ ನೀನು ಎನ್ನುತ್ತಿದ್ದವಳು. ಏನಾದರೂ ಎಸೆಯಲಿ, ಕೂಗಲಿ, ಊರುಗೋಲಿನಿಂದ ಹೊಡೆಯಲಿ ಎಂದು ಕಾದ. ಅವಳು ಎಂಬತ್ತಕ್ಕೆ ಹತ್ತಿರವಾದ ಅಚ್ಚುಕಟ್ಟಿನ ಹೆಂಗಸು, ಬೇರೆಯವರ ಮನೆಯಲ್ಲಿ ಹಾಗೆಲ್ಲ ಮಾಡುವವಳಲ್ಲ. ಕೈ ಚಾಚಿ ಕಾಗದ ಕೇಳಿದಳು. ಅವನು ಜೇಬಿನಿಂದ ತೆಗೆದುಕೊಟ್ಟ, ಬೆವರಿಗೆ ಮೆತ್ತಗಾಗಿತ್ತು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಎರಡು ಸಲ ಓದಿದಳು. ಎರಡನೆಯ ಸಲ ಕಣ್ಣು ಒಂದು ಕಡೆ ನಿಂತಿತು, ಬಹುಶಃ ಸಿಡ್ ಬಂದನೇ ಎನ್ನುವ ಕಡೆ. ಅವಳ ಬಾಯಿ ಸ್ವಲ್ಪ ಸೊಟ್ಟಗಾಯಿತು, ಮತ್ತೆ ಸರಿಯಾಯಿತು.

"ಪಾಪ, ಇವಳು ಅಪ್ಪನ್ನ ನೋಡೇ ಇಲ್ಲ," ಎಂದಳು.

"ನಾನು ಇವತ್ತೇ ಬರೀತೀನಿ ಮಿಸ್ ಪ್ಯಾಂಟರ್. ಲಂಡನ್ನಿಗೂ ಬರೀತೀನಿ. ಎಲ್ಲಾ ಒಪ್ಕೊಂಡು…"

"ನೀವು ಬರೀಬೇಡಿ." ಕಾಗದವನ್ನು ಮಡಿಚಿ ತನ್ನ ಕೈಚೀಲದಲ್ಲಿ ಹಾಕಿ ಚೀಲದ ಬಾಯಿ ಮುಚ್ಚಿದಳು. "ನಾನು ಬರೀತೀನಿ. ನಿಮ್ಮಪ್ಪ ಚೆನ್ನಾಗಿದಾರೆ, ಜಾಗ ಚೆನ್ನಾಗಿದೆ, ನೋಡ್ಕೊಂಡಿದೀನಿ ಅಂತ ಬರೀತೀನಿ. ಗುಲಾಬಿ ವಿಷಯ ಬರೀತೀನಿ. ಲಂಡನ್ನಿನವರಿಗೂ ನಾನೇ ಹೇಳ್ತೀನಿ, ಕಲ್ಲು ಬದಲಾಯಿಸಲಿ. ನೀವು ಬರೆದ್ರೆ ಯಾರು ನಂಬ್ತಾರೆ ಮಿಸ್ಟರ್ ಡ್ರೇಜ್?"

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ತಪ್ಪು ಒಪ್ಪಿಕೊಂಡು ತಲೆ ತಗ್ಗಿಸಿ ನಿಲ್ಲುವ ಒಂದು ಚಿತ್ರವನ್ನು ಅವನು ಹನ್ನೊಂದು ದಿನದಲ್ಲಿ ತನಗೇ ಗೊತ್ತಿಲ್ಲದಂತೆ ಬಿಡಿಸಿಟ್ಟುಕೊಂಡಿದ್ದ. ಆ ಚಿತ್ರದಲ್ಲಿಯೂ ಅವನೇ ನಡುವೆ ಇದ್ದ. ಈಗ ಅದೂ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಅವನದು ಅಡಿಕೆಗಿಂತ ಸಣ್ಣದಕ್ಕೆ ಹೋಗಿತ್ತು, ಒಬ್ಬ ಹೆಂಗಸು ತನ್ನ ಮುಖ ನೋಡಿದ್ದಕ್ಕೆ. ಮೇವಿಸ್ ಬಟ್ಟಲುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಗಂಡನ ಕಡೆ ನೋಡುತ್ತಿರಲಿಲ್ಲ. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಮಾತಿಲ್ಲದೆ ಬಟ್ಟಲು ಎತ್ತಿದ್ದು ಇದೇ ಮೊದಲು.

ಮಿಸ್ ಪ್ಯಾಂಟರ್ ಎರಡು ಊರುಗೋಲಿನ ಮೇಲೆ ಭಾರ ಬಿಟ್ಟು ಎದ್ದಳು. ಡ್ರೇಜ್ ಮೊಣಕೈ ಹಿಡಿಯಲು ಹೋದ, ಅವಳು ಅಷ್ಟು ದೂರ ಸರಿದಳು. ಮೇವಿಸ್ ಕೋಟು ಹೊದಿಸಿದಳು, ಬಾಗಿಲು ತೆಗೆದಳು. ಹೊರಗೆ ಜೂನಿನ ಮಧ್ಯಾಹ್ನ ಇನ್ನೂ ಜೋರಾಗಿತ್ತು, ಎದುರು ಮನೆಯವನು ಬೇಲಿಗೆ ಬಣ್ಣ ಹೊಡೆಯುತ್ತ ಇವರಿಗೆ ಕೈ ಎತ್ತಿದ. ಡ್ರೇಜ್ ಕೂಡ ಕೈ ಎತ್ತಿದ, ಎತ್ತಿದ್ದಕ್ಕೆ ಅಸಹ್ಯಪಟ್ಟ. ಅವಳು ಹೊಸ್ತಿಲು ದಾಟಿದಳು, ಒಂದು ಮೆಟ್ಟಿಲು ಇಳಿದಳು, ಎರಡನೆಯದರಲ್ಲಿ ನಿಂತಳು. ತಿರುಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಒಂದು ಕೋಲು, ಆಮೇಲೆ ಕಾಲು, ಆಮೇಲೆ ಇನ್ನೊಂದು ಕೋಲು. ಸಿಟ್ಟು ಇರಲಿಲ್ಲ ಮುಖದಲ್ಲಿ. ಏನೋ ಲೆಕ್ಕ ತಪ್ಪಿದವಳಂತೆ, ಗೊತ್ತಿರುವವರನ್ನು ಕೇಳುವವಳಂತೆ ಇದ್ದಳು.

"ಅವನ ಬೂಟು ಇವನ ಕಾಲಲ್ಲಿ ಇತ್ತು ಅಂದ್ರಿ."

"ಹೂಂ."

"ಹಾಗಾದ್ರೆ ನಮ್ಮ ಎರಿಕ್ ಸಾಯುವಾಗ ಯಾರ ಬೂಟು ಹಾಕ್ಕೊಂಡಿದ್ದ?"

ಡ್ರೇಜ್ ಬಾಯಿ ತೆರೆದ. ಮಣ್ಣಿನ ಬೂಟು, ಮರಳಿನ ಬೂಟು, ಮೊಳೆ ಇಲ್ಲದ ಬೂಟು, ಒಂದೇ ಕಾಲಿನ ಬೂಟು, ಯಾವುದನ್ನು ಓದಿ ಹೇಳು ಎಂದಿದ್ದರೂ ಅವನು ಹೇಳುತ್ತಿದ್ದ.

"ಗೊತ್ತಿಲ್ಲ," ಎಂದ.

ಅವಳು ಕೋಲೂರಿ ಮತ್ತೆ ಬೀದಿಯ ಕಡೆ ತಿರುಗಿದಳು. ಆಮೇಲೆ ಉಳಿದ ಮೆಟ್ಟಿಲು ಇಳಿದು ಹೋದಳು.